ಕಾರವಾರ ಯಾಕೆ ಮುಂಬಯಿ ಆಗಲಿಲ್ಲ?

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಡೊಂಬಿವಲಿಯಲ್ಲಿದ್ದೇವೆ. ಅಜ್ಜ ಕುಂದಾಪುರ ಕಡೆಯಿಂದ ಹಡಗು ಹತ್ತಿ ಬಂದವರು. ಪಕ್ಕದ ಮನೆಯವರು ವಿಜಯಪುರ ಜಿಲ್ಲೆಯವರು, ಅವರ ನೆಂಟರಿಷ್ಟರೆಲ್ಲ ಪುಣೆ, ಸೊಲ್ಲಾಪುರದಲ್ಲಿ. ಎರಡೂ ಮನೆಯ ಮಾತು ಕನ್ನಡವೇ. ಆದರೆ ಊಟ, ಕೆಲಸ, ಮನೆ ಕಟ್ಟುವ ರೀತಿ, ಮಾತಿನ ವರಸೆ ಎಲ್ಲ ಬೇರೆ. ಕಾಲೇಜಿಗೆ ಹೋಗುವ ಮಗ 'ಇದೆಲ್ಲ ಭೂಗೋಳದ ಆಟ, ಮನುಷ್ಯರ ಕೈಯಲ್ಲಿ ಏನೂ ಇಲ್ಲ' ಎನ್ನುತ್ತಾನೆ. ಹೌದಾ? ಹಾಗಾದರೆ ಅಷ್ಟು ಒಳ್ಳೆಯ ಬಂದರಿರುವ ಕಾರವಾರ ಯಾಕೆ ಮುಂಬಯಿ ಆಗಲಿಲ್ಲ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಜುಲೈ ತಿಂಗಳ ಒಂದು ಭಾನುವಾರ ಮಗನನ್ನು ಕರೆದುಕೊಂಡು ಕಲ್ಯಾಣದಲ್ಲಿ ಪುಣೆ ಗಾಡಿ ಹತ್ತಿ. ಅವನನ್ನು ಕಿಟಕಿ ಪಕ್ಕ ಕೂರಿಸಿ. ಅವನ ಫೋನು ನಿಮ್ಮ ಜೇಬಿನಲ್ಲಿರಲಿ. ನಾನು ಮುಂಬಯಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವನು. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ಪಾಠ ಈ ಗಾಡಿಯಲ್ಲೇ ಆಗುತ್ತಿತ್ತು. ಕ್ಲಾಸಿನಲ್ಲಿ ಆರು ತಿಂಗಳು ಹೇಳಿದರೂ ತಲೆಗೆ ಹೋಗದ್ದು ಇಲ್ಲಿ ಎರಡು ಗಂಟೆಯಲ್ಲಿ ಹೋಗುತ್ತದೆ.

ಕರ್ಜತ್‌ನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜನ ವಡಾಪಾವ್‌ಗೆ ಮುಗಿಬೀಳುತ್ತಾರೆ. ನೀವು ಗಾಡಿಯ ಬಾಲದ ಕಡೆ ನೋಡಿ. ಅಲ್ಲಿ ಇನ್ನೆರಡು ಮೂರು ಎಂಜಿನ್ ಜೋಡಿಸುತ್ತಿರುತ್ತಾರೆ. ರೈಲಿನವರು ಅವಕ್ಕೆ 'ಬ್ಯಾಂಕರ್' ಎನ್ನುತ್ತಾರೆ. ಮುಂದಿನದು ಎಳೆಯುತ್ತದೆ, ಇವು ಹಿಂದಿನಿಂದ ನೂಕುತ್ತವೆ. ಇಲ್ಲಿಂದ ಲೋನಾವಳಾಗೆ ಬರೀ 28 ಕಿ.ಮೀ. ಅಷ್ಟರಲ್ಲಿ ಗಾಡಿ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಎತ್ತರ ಏರಬೇಕು. ಕಡಿದಾದ ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಬಸ್ಸಿಗೆ ಇದು ಏನೂ ಅಲ್ಲ. ರೈಲಿಗೆ ಗೋಡೆ ಹತ್ತಿದ ಹಾಗೆ.

ಇದು ಭೋರ್ ಘಾಟ್. ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಈ ಏರಿನಲ್ಲೇ ಇದೆ.

ಲೋನಾವಳಾದಲ್ಲಿ ಕಿಟಕಿಯಿಂದ ಕೈ ಹೊರಗಿಟ್ಟರೆ ಮೊಣಕೈ ತನಕ ನೆನೆಯುತ್ತದೆ. ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ ಅಲ್ಲಿ. ಅಲ್ಲಿಂದ ಒಂದು ಗಂಟೆ ಚಿಲ್ಲರೆ ದಾರಿ, 64 ಕಿ.ಮೀ. ಪುಣೆಯಲ್ಲಿ ಇಳಿದರೆ ರಸ್ತೆ ಒದ್ದೆಯಷ್ಟೇ. ಪುಣೆಯ ವರ್ಷದ ಮಳೆ 700 ಮಿ.ಮೀ. ಆಸುಪಾಸು. ಇನ್ನೂ ಪೂರ್ವಕ್ಕೆ, ಸೊಲ್ಲಾಪುರ, ವಿಜಯಪುರದ ಕಡೆ, ಅದೂ ಇಲ್ಲ. ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಚೆ ಬದಿಗೆ ಇಳಿಯುವ ಗಾಳಿಯಲ್ಲಿ ಉಳಿದಿರುವುದು ಚೂರುಪಾರು. ಮಳೆನೆರಳು ಎನ್ನುವುದು ಇದಕ್ಕೇ. ನಮ್ಮ ಆಗುಂಬೆಗೂ ದಾವಣಗೆರೆಗೂ ಇರುವ ವ್ಯತ್ಯಾಸವೇ ಇದು. ಇಲ್ಲಿ ಅದು ಒಂದೇ ಟಿಕೆಟಿನಲ್ಲಿ ಕಾಣಿಸುತ್ತದೆ.

ಈಗ ಮಣ್ಣಿಗೆ ಬರೋಣ. ನನಗೆ ಇದು ಎಷ್ಟು ಸಲ ಹೇಳಿದರೂ ಬೇಜಾರಾಗದ ವಿಷಯ. ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ಲಾವಾ ಹರಿಯಿತು. ಒಂದು ಸಲ ಅಲ್ಲ, ಪದರದ ಮೇಲೆ ಪದರ. ಕೊಂಕಣದಿಂದ ವಿದರ್ಭದವರೆಗೆ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯವರೆಗೆ ಆ ಕಪ್ಪು ಕಲ್ಲೇ ಹಾಸಿದೆ. ಘಟ್ಟದ ಕೆಳಗೂ ಅದೇ ಕಲ್ಲು, ಮೇಲೂ ಅದೇ ಕಲ್ಲು. ಆದರೆ ರತ್ನಾಗಿರಿಯಲ್ಲಿ ಇಳಿದು ನೋಡಿ, ಮಣ್ಣು ಕೆಂಪು. ಸೊಲ್ಲಾಪುರದಲ್ಲಿ ಇಳಿದು ನೋಡಿ, ಮಣ್ಣು ಕಪ್ಪು. ಯಾಕೆ? ಕೆಳಗೆ ಮಳೆ ಜೋರು. ಅದು ಲಕ್ಷಾಂತರ ವರ್ಷ ಕಲ್ಲನ್ನು ತೊಳೆದು ತೊಳೆದು ಸತ್ವವನ್ನೆಲ್ಲ ಸಮುದ್ರಕ್ಕೆ ಸಾಗಿಸಿತು. ಉಳಿದದ್ದು ಕಬ್ಬಿಣದ ತುಕ್ಕಿನ ಬಣ್ಣದ ಕಲ್ಲು. ನಿಮ್ಮೂರಲ್ಲಿ ಮುರಕಲ್ಲು ಎನ್ನುತ್ತಾರಲ್ಲ, ಅದರ ಅಣ್ಣತಮ್ಮ. (ಕುಂದಾಪುರದಲ್ಲಿ ಅಡಿಯ ಕಲ್ಲು ಬೇರೆ. ಆದರೆ ಮಳೆ ಮಾಡಿದ ಕೆಲಸ ಒಂದೇ.) ಮೇಲೆ ಮಳೆ ಕಡಿಮೆ. ಅಲ್ಲಿ ಜೇಡಿ ಉಳಿಯಿತು, ಸುಣ್ಣದ ಅಂಶ ಉಳಿಯಿತು. ಅದೇ ಎರೆ ಭೂಮಿ. ಒಂದೇ ಕಲ್ಲು, ಎರಡು ಮಳೆ, ಎರಡು ಮಣ್ಣು.

ನಿಮ್ಮ ಎರಡು ಮನೆಯ ಅಡುಗೆಮನೆ ಬೇರೆಯಾದದ್ದು ಇಲ್ಲಿಂದ. ಮುರಕಲ್ಲಿನ ನಾಡಿನಲ್ಲಿ ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಒಳ್ಳೆಯ ಬೆಳೆ. ನಿಂತ ನೀರಿನಲ್ಲಿ ಬದುಕುವ ಧಾನ್ಯ ಭತ್ತ. ಗುಡ್ಡದ ಮೇಲೆ ಗೇರು, ಮನೆಯ ಸುತ್ತ ತೆಂಗು, ಎದುರಿಗೆ ಮೀನು. ಗಂಜಿಯೂಟ ಬಂದದ್ದು ಹೀಗೆ. ಎರೆ ಭೂಮಿಯ ಗುಣ ಬೇರೆ. ಅದು ಸ್ಪಂಜಿನ ಹಾಗೆ ನೀರು ಹೀರಿ ಹಿಡಿದುಕೊಳ್ಳುತ್ತದೆ. ಮಳೆ ಮುಗಿಯುತ್ತಾ ಬಂದಾಗ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಮುಂದೆ ಒಂದು ಹನಿ ಬೀಳದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಹೊರಗಿನವರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ. ನಿಮ್ಮ ಪಕ್ಕದ ಮನೆಯವರ ಜೋಳದ ರೊಟ್ಟಿ ಪುಣೆಯಲ್ಲಿ ಭಾಕರಿ ಆಗುತ್ತದೆ, ಅಷ್ಟೇ. ಅದರ ಜೊತೆಗೆ ಅಲ್ಲಿ ಝುಣಕಾ, ಇಲ್ಲಿ ಝುಣಕ. ಹೆಸರು ಕೂಡ ಬದಲಾಗಿಲ್ಲ.

ಮನೆಗಳೂ ಹಾಗೆಯೇ. ಕರಾವಳಿಯಲ್ಲಿ ಇಳಿಜಾರು ಮಾಡು, ಹೆಂಚು, ಉದ್ದ ಚಾಚಿದ ಸೂರು. ವಿಜಯಪುರದ ಕಡೆ ದಪ್ಪ ಗೋಡೆಯ ಮಾಳಿಗೆ ಮನೆ, ಸಪಾಟು ಮೇಲ್ಛಾವಣಿ, ಬೇಸಗೆಯ ರಾತ್ರಿ ಅಲ್ಲೇ ಹಾಸಿಗೆ. ಊರಿನ ರೂಪವೂ ಬೇರೆ. ಕುಂದಾಪುರದ ಕಡೆ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಪ್ರತಿ ಮನೆಗೂ ಅದರದ್ದೇ ಬಾವಿ, ಅದರದ್ದೇ ತೋಟ. ಎಲ್ಲಿ ತೋಡಿದರೂ ನೀರು ಬರುತ್ತದೆ ಎಂದರೆ ಒಬ್ಬರ ಪಕ್ಕ ಒಬ್ಬರು ಒತ್ತಿಕೊಂಡು ಯಾಕೆ ಇರಬೇಕು? ಬಯಲುಸೀಮೆಯಲ್ಲಿ ನೀರು ಇದ್ದ ಕಡೆ ಊರು. ಮನೆಗೆ ಮನೆ ಅಂಟಿ ಗೋಡೆ ಹಂಚಿಕೊಂಡಿರುತ್ತದೆ. ಊರು ದಾಟಿದರೆ ಹೊಲ, ಬರೀ ಹೊಲ. ಅಂಥ ಊರಿನವರು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಮಾತಾಡುತ್ತಾರೆ ಎಂದು ನನ್ನ ಒಬ್ಬ ವಿದ್ಯಾರ್ಥಿನಿ ವಾದ ಮಾಡಿದ್ದಳು. ನಾನು ಒಪ್ಪಲಿಲ್ಲ. ಆದರೆ ನನ್ನ ತಾಯಿ ಗದಗ ಕಡೆಯವಳು, ತಂದೆ ಕುಮಟೆಯವರು. ಮನೆಯಲ್ಲಿ ಯಾರ ದನಿ ಜೋರು ಎಂದು ನೆನೆಸಿಕೊಂಡಾಗ ನಗು ಬಂತು.

ಜನ ಈ ಗೆರೆಯನ್ನು ಮಾತಿನಲ್ಲೂ ಎಳೆದುಕೊಂಡಿದ್ದಾರೆ. ನಾವು 'ಘಟ್ಟದ ಮೇಲಿನವರು, ಕೆಳಗಿನವರು' ಎನ್ನುತ್ತೇವೆ. ಮರಾಠಿಯವರು ಕೆಳಗಿನದಕ್ಕೆ 'ಕೋಕಣ್', ಮೇಲಿನದಕ್ಕೆ 'ದೇಶ್' ಎನ್ನುತ್ತಾರೆ. ಮುಂಬಯಿಯಲ್ಲಿ 'ಘಾಟಿ', ಅಂದರೆ ಘಟ್ಟದವರು, ಎಂಬ ಶಬ್ದ ಬೈಗುಳವೇ ಆಗಿಹೋಗಿದೆ. ಒಂದು ಗುಡ್ಡದ ಸಾಲು ಬೈಗುಳವಾಗುವಷ್ಟು ಮನುಷ್ಯರೊಳಗೆ ಇಳಿದಿದೆ ಎಂದರೆ ನೋಡಿ.

ನದಿಗಳನ್ನು ನೋಡಿದರೆ ನಿಮ್ಮ ಪಕ್ಕದ ಮನೆಯವರ ನೆಂಟಸ್ತನವೂ ಅರ್ಥವಾಗುತ್ತದೆ. ಘಟ್ಟದ ನೆತ್ತಿಯಲ್ಲಿ ಹುಟ್ಟಿದ ನದಿಗಳು ಪಕ್ಕದಲ್ಲೇ ಇರುವ ಸಮುದ್ರಕ್ಕೆ ಬೆನ್ನು ಹಾಕುತ್ತವೆ. ಕೃಷ್ಣೆ ಹುಟ್ಟುವ ಮಹಾಬಲೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 65 ಕಿ.ಮೀ. ಆದರೂ ಅವಳು 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಪುಣೆಯ ಮುಳಾ, ಮುಠಾ ಭೀಮೆಗೆ ಸೇರುತ್ತವೆ. ಭೀಮೆ ಪಂಢರಾಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗೆ ಬರುತ್ತಾಳೆ. ಪುಣೆಯ ಕಡೆ ಮಳೆ ಜೋರಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಂಡಿ, ಅಫಜಲಪುರದವರು ದಂಡೆ ಕಾಯಬೇಕು. ಪುಣೆ, ಸೊಲ್ಲಾಪುರ, ವಿಜಯಪುರ ಒಂದೇ ಬಯಲು, ಒಂದೇ ನೀರು. ಹರಿದಾಸರ ವಿಠಲನೂ ವಾರಕರಿಗಳ ವಿಠೋಬನೂ ಒಬ್ಬನೇ ಆದದ್ದು ಈ ದಂಡೆಯ ಮೇಲೆ. ಆ ಕಡೆಯಿಂದ ಪುಣೆಗೆ ಹೋಗುವುದು ಎಂದರೆ ಪಕ್ಕದ ಪೇಟೆಗೆ ಹೋದ ಹಾಗೆ. ಯಾರೂ ಅದಕ್ಕೆ 'ವಲಸೆ' ಎಂಬ ದೊಡ್ಡ ಮಾತು ಬಳಸುತ್ತಿರಲಿಲ್ಲ.

ನಿಮ್ಮ ಅಜ್ಜನ ದಾರಿ ಹಾಗಿರಲಿಲ್ಲ. ಅವರ ಬೆನ್ನಿಗೆ ಘಟ್ಟ, ಎದುರಿಗೆ ಸಮುದ್ರ. ಉತ್ತರಕ್ಕೆ ನಡೆದು ಹೋಗೋಣ ಎಂದರೆ ಹತ್ತಾರು ಕಿಲೋಮೀಟರಿಗೊಂದು ಹೊಳೆ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಒಂದೊಂದರ ಅಳಿವೆಯೂ ದೋಣಿ ಇಲ್ಲದೆ ದಾಟಲಾಗದಷ್ಟು ಅಗಲ. ಅದಾದ ಮೇಲೆ ಗೋವಾದ ಜುವಾರಿ, ಮಾಂಡವಿ. ಹಾಗಾಗಿ ಸೇತುವೆಗಳು ಬರುವ ತನಕ ಕರಾವಳಿಯವರಿಗೆ ಸಮುದ್ರವೇ ಹೆದ್ದಾರಿ. 1907ರಲ್ಲಿ ಮಂಗಳೂರಿಗೆ ರೈಲು ಬಂತು ನಿಜ, ಆದರೆ ಅದು ಹೋಗುತ್ತಿದ್ದದ್ದು ಕೇರಳದ ಮೂಲಕ ಮದ್ರಾಸಿನ ಕಡೆಗೆ. ಮುಂಬಯಿಗೆ ಹೋಗಬೇಕಾದವರು ಹಡಗೇ ಹತ್ತಬೇಕು. ಅದೂ ಮಳೆಗಾಲದಲ್ಲಿ ಬಂದ್. ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ಕಡಲ ದಾರಿ ತೆರೆಯುತ್ತಿತ್ತು. ಜೂನ್ ಮೊದಲೇ ಹೊರಡಬೇಕು, ಇಲ್ಲ ಅಂದ್ರೆ ಚೌತಿ ಹತ್ತಿರ ಬರುವ ತನಕ ಕಾಯಬೇಕು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರ ಜನವರಿಯಲ್ಲಿ. 740 ಕಿ.ಮೀ. ದಾರಿಗೆ ಸುಮಾರು 2,000 ಸೇತುವೆ, 90ಕ್ಕೂ ಹೆಚ್ಚು ಸುರಂಗ ಬೇಕಾಯಿತು. ಅಷ್ಟು ತಡವಾದದ್ದು ಯಾಕೆ ಎಂದು ಆ ಲೆಕ್ಕವೇ ಹೇಳುತ್ತದೆ.

ಇಲ್ಲಿಯವರೆಗೆ ನಿಮ್ಮ ಮಗ ಗೆದ್ದ. ಇನ್ನು ಮುಂದೆ ಅವನಿಗೆ ಕಷ್ಟ.

ಅವನನ್ನು ಒಂದು ಪ್ರಶ್ನೆ ಕೇಳಿ. ರತ್ನಾಗಿರಿಗೂ ಉಡುಪಿಗೂ ಭೂಗೋಳದಲ್ಲಿ ಏನು ವ್ಯತ್ಯಾಸ? ಹೆಚ್ಚೇನೂ ಇಲ್ಲ. ಎರಡೂ ಕಡೆ ಕಿರಿದಾದ ಕರಾವಳಿ, ಕೆಂಪು ಮಣ್ಣು, ಜಡಿಮಳೆ, ಚೂರು ಚೂರು ಗದ್ದೆ, ತಿನ್ನುವ ಬಾಯಿ ಜಾಸ್ತಿ. ಎರಡೂ ಕಡೆಯ ಗಂಡಸರು ಹಡಗು ಹತ್ತಿ ಮುಂಬಯಿಗೆ ಬಂದರು. ಎರಡೂ ಕಡೆಯ ಮನೆಗಳು ಮನಿಆರ್ಡರ್ ಕಾಯುತ್ತಿದ್ದವು. ಆದರೆ ರತ್ನಾಗಿರಿಯವರು ಹೆಚ್ಚಾಗಿ ಪರಳ, ಲಾಲ್‌ಬಾಗ್‌ನ ಬಟ್ಟೆ ಗಿರಣಿ ಸೇರಿದರು. ನಮ್ಮವರು ಹೋಟೆಲು ಸೇರಿದರು. ಭೂಗೋಳ ಇಬ್ಬರನ್ನೂ ಊರಿನಿಂದ ಹೊರಡಿಸಿತು, ಸರಿ. ಯಾವ ಬಾಗಿಲು ತಟ್ಟಬೇಕು ಎಂದು ಹೇಳಿದ್ದು ಯಾರು?

ಮೊದಲು ಬಂದವರು ಹೇಳಿದರು. ಗಿರಣಿಯಲ್ಲಿ ಕೆಲಸ ಸಿಗಬೇಕಾದರೆ ಜಾಬರ್ ಎಂಬ ಮುಕಾದಮನ ಕೃಪೆ ಬೇಕು. ಅವನು ತನ್ನ ಊರಿನವರನ್ನು ತುಂಬಿಕೊಳ್ಳುತ್ತಿದ್ದ. ಉಡುಪಿ ಕಡೆಯವರಿಗೆ ಅಲ್ಲಿ ಆಸರೆ ಕಡಿಮೆ. ಅವರ ಕೈಯಲ್ಲಿದ್ದದ್ದು ಮಠ, ದೇವಸ್ಥಾನದ ಅಡುಗೆಯ ಪಳಗಿಕೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಲಕ್ಷಾಂತರ ಗಂಡಸರಿಗೆ ಹೊತ್ತಿಗೆ ಊಟ ಬೇಕಿತ್ತು. ಒಬ್ಬ ಹೋಟೆಲಿಟ್ಟ, ತನ್ನ ಊರಿನ ಹುಡುಗರನ್ನು ಕರೆಸಿದ. ಹಗಲು ಲೋಟ ತೊಳೆದ ಹುಡುಗ ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋದ. ಹತ್ತು ವರ್ಷದ ಮೇಲೆ ಅವನೇ ಗಲ್ಲಾ ಮೇಲೆ ಕೂತ, ಇನ್ನಷ್ಟು ಹುಡುಗರನ್ನು ಕರೆಸಿದ. ಈ ಸರಪಳಿ ಯಾವ ನಕ್ಷೆಯಲ್ಲೂ ಇಲ್ಲ. ಮುಂದೆ 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅದರ ಪೆಟ್ಟು ರತ್ನಾಗಿರಿಯ ಮನೆಗಳಿಗೆ ತಟ್ಟಿದಷ್ಟು ಉಡುಪಿಯ ಮನೆಗಳಿಗೆ ತಟ್ಟಲಿಲ್ಲ. ಒಂದೇ ಥರದ ನೆಲದ ಮಕ್ಕಳು, ಎರಡು ಹಣೆಬರಹ.

ಅಂದ ಹಾಗೆ ನಿಮ್ಮ ಮಗನ ವಾದ ಹೊಸದಲ್ಲ. ನೂರು ವರ್ಷಕ್ಕಿಂತ ಹಳೆಯದು. ಜರ್ಮನಿಯ ಫ್ರೀಡ್ರಿಖ್ ರಾಟ್ಸೆಲ್, ಅವರ ಶಿಷ್ಯೆ ಅಮೆರಿಕದ ಎಲೆನ್ ಸೆಂಪಲ್ ನೆಲವೇ ಮನುಷ್ಯನನ್ನು ರೂಪಿಸುತ್ತದೆ ಎಂಬ ಕಡೆಯವರು. ಎಲ್ಸ್‌ವರ್ತ್ ಹಂಟಿಂಗ್ಟನ್ ಎಂಬ ಅಮೆರಿಕದವರು ಇನ್ನೂ ಮುಂದೆ ಹೋಗಿ, ತಂಪು ಹವೆಯ ದೇಶದವರು ಚುರುಕು, ಬಿಸಿ ದೇಶದವರು ಮಂದ ಎಂದು ವಾದಿಸಿದರು. ಬಿಳಿಯರ ಆಡಳಿತಕ್ಕೆ ಇದಕ್ಕಿಂತ ಅನುಕೂಲವಾದ ಶಾಸ್ತ್ರ ಬೇರೆ ಬೇಕೇ? ಅದೇ ಕಾಲದಲ್ಲಿ ಮುಂಬಯಿಯ ಸೆಖೆಯಲ್ಲಿ, ಗಿರಣಿಯ ಹಬೆಯಲ್ಲಿ ಜನ ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಿದ್ದರು. ಫ್ರಾನ್ಸಿನ ವಿಡಾಲ್ ದ ಲಾ ಬ್ಲಾಶ್ ಮಾತ್ರ ಬೇರೆ ಮಾತು ಹೇಳಿದರು. ನೆಲ ಹಲವು ದಾರಿಗಳನ್ನು ತೆರೆದಿಡುತ್ತದೆ, ಆರಿಸುವವನು ಮನುಷ್ಯ ಎಂಬುದು ಅವರ ನಿಲುವು. ನಾನು ಅವರ ಪಕ್ಷ. ಆದರೆ ಒಂದು ಮಾತು ಸೇರಿಸುತ್ತೇನೆ. ಆ ದಾರಿಗಳು ಪುಕ್ಕಟೆಯಲ್ಲ. ಒಂದೊಂದಕ್ಕೂ ಖರ್ಚಿದೆ. ಆ ಖರ್ಚನ್ನು ಯಾರು ಹಾಕಿದರು ಎಂದು ಹುಡುಕಿದರೆ ಅರ್ಧ ಚರಿತ್ರೆ ಸಿಗುತ್ತದೆ.

ಮುಂಬಯಿಯ ಕಥೆಯೇ ನೋಡಿ. ಅದೇನು ಹುಟ್ಟಾ ದೊಡ್ಡ ಊರಾಗಿರಲಿಲ್ಲ. ಏಳು ದ್ವೀಪ, ನಡುವೆ ಉಬ್ಬರದ ನೀರು, ಕೆಸರು, ಮಲೇರಿಯಾ. ಹಳೆಯ ಬಂದರುಗಳೆಂದರೆ ಸೋಪಾರಾ, ಕಲ್ಯಾಣ, ಚೌಲ್. ಆಗಲೂ ಘಟ್ಟ ಹತ್ತುವ ದಾರಿಗಳೇ ಮುಖ್ಯ. ಜುನ್ನರ್ ಹತ್ತಿರದ ನಾಣೇಘಾಟ್‌ನಲ್ಲಿ ಶಾತವಾಹನರ ಕಾಲದ ಶಾಸನ ಇದೆ. ಪಕ್ಕದಲ್ಲಿ ದೊಡ್ಡ ಕಲ್ಲಿನ ಹಂಡೆ ಇದೆ, ಸುಂಕದ ನಾಣ್ಯ ಹಾಕುತ್ತಿದ್ದದ್ದು ಅದರಲ್ಲೇ ಎಂದು ಜನ ಹೇಳುತ್ತಾರೆ. ಭೋರ್ ಘಾಟ್ ಹತ್ತಿದ ಕೂಡಲೇ ಕಾರ್ಲೆ, ಭಾಜೆ ಗುಹೆಗಳು. ಕಾರ್ಲೆಯ ದೊಡ್ಡ ಚೈತ್ಯದ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರದ, ಬಾಗಿಲಲ್ಲಿ ಒಂದು ಶಾಸನ ಇದೆ. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅದರಲ್ಲಿದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಬನವಾಸಿಯ ಸೆಟ್ಟಿ ಲೋನಾವಳಾ ಪಕ್ಕ ದುಡ್ಡು ಸುರಿದದ್ದು ಯಾಕೆ? ಅವನ ಸರಕು ಇದೇ ದಾರಿಯಲ್ಲಿ ಇಳಿಯುತ್ತಿತ್ತು ಎಂದೇ ನನ್ನ ಊಹೆ. ನೀವು ಪುಣೆಗೆ ಹೋದಾಗ ಮಳವಲಿ ಸ್ಟೇಷನ್ನಿನಲ್ಲಿ ಇಳಿದು ಇದನ್ನು ನೋಡಿಯೇ ಬನ್ನಿ. ಮುಂಬಯಿ ಕನ್ನಡಿಗರು ಅದನ್ನು ಪಿಕ್ನಿಕ್ ಜಾಗ ಅಂದ್ಕೊಂಡಿದ್ದಾರೆ.

ಪೋರ್ಚುಗೀಸರಿಂದ ಇಂಗ್ಲಿಷರ ಕೈಗೆ ಮುಂಬಯಿ ಬಂದದ್ದು ರಾಜನ ಮದುವೆಯ ಉಡುಗೊರೆಯಾಗಿ, 1661ರ ಒಪ್ಪಂದದಲ್ಲಿ. 1668ರಲ್ಲಿ ಇಂಗ್ಲೆಂಡಿನ ರಾಜ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟ. ಆಗ ದೊಡ್ಡ ಪೇಟೆ ಸೂರತ್. ಆದರೆ ಅಲ್ಲಿ ತಾಪಿ ನದಿಯ ಹೂಳು. ಮುಂಬಯಿಯ ಬಂದರು ದ್ವೀಪದ ಪೂರ್ವ ಬದಿಯಲ್ಲಿದೆ. ನೈಋತ್ಯದ ಮಳೆಗಾಳಿಗೆ ದ್ವೀಪವೇ ಅಡ್ಡ ನಿಲ್ಲುತ್ತದೆ. ನೀರು ಆಳ. ಭೂಗೋಳ ಕೊಟ್ಟದ್ದು ಇಷ್ಟು. ಉಳಿದದ್ದು ಮನುಷ್ಯರ ಕೆಲಸ. 1780ರ ದಶಕದಲ್ಲಿ ವರ್ಲಿಯ ಕಿಂಡಿಗೆ ಒಡ್ಡು ಕಟ್ಟಿದರು. ಆಮೇಲೆ ತಗ್ಗುಗಳನ್ನು ತುಂಬುತ್ತಾ ಏಳನ್ನು ಒಂದು ಮಾಡಿದರು. ಉದ್ದನೆಯ ಕಿರಿದಾದ ದ್ವೀಪ, ಆಫೀಸುಗಳೆಲ್ಲ ದಕ್ಷಿಣದ ತುದಿಯಲ್ಲಿ. ನೀವು ಬೆಳಿಗ್ಗೆ ಡೊಂಬಿವಲಿಯಲ್ಲಿ ಬಾಗಿಲಿಗೆ ನೇತಾಡುವುದಕ್ಕೂ ಡಬ್ಬಾವಾಲಾ ಅಷ್ಟು ಕರಾರುವಾಕ್ಕಾಗಿ ಊಟ ಮುಟ್ಟಿಸುವುದಕ್ಕೂ ಈ ಆಕಾರವೇ ಕಾರಣ. ತುಂಬಿದ ನೆಲ ಮಳೆ ಬಂದಾಗ ಮತ್ತೆ ತಗ್ಗಾಗುತ್ತದೆ ಎಂಬುದು 2005ರ ಜುಲೈ 26ರಂದು ಎಲ್ಲರಿಗೂ ಗೊತ್ತಾಯಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಬಿತ್ತು. ಇಕ್ಕಟ್ಟಾಗಿದ್ದ ಮೀಠಿ ನದಿ ತನ್ನ ಜಾಗ ತಾನೇ ಹುಡುಕಿಕೊಂಡಿತು.

ಬಂದರು ಇದ್ದರೆ ಆಯಿತೇ? ಸರಕು ಬರಬೇಕು. ಸರಕು ಇದ್ದದ್ದು ಘಟ್ಟದ ಮೇಲಿನ ಎರೆ ಭೂಮಿಯಲ್ಲಿ, ಹತ್ತಿಯ ರೂಪದಲ್ಲಿ. 1830ರಲ್ಲಿ ಭೋರ್ ಘಾಟ್‌ಗೆ ಗಾಡಿ ರಸ್ತೆ ಆಯಿತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ರೈಲು ಓಡಿತು. ಎಲ್ಲರೂ ಆ ದಿನವನ್ನು ನೆನೆಯುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡದು 1863, ಭೋರ್ ಘಾಟ್ ಹತ್ತಿ ರೈಲು ಹೋದ ವರ್ಷ. ಕೆಲಸ ಜೋರಾಗಿದ್ದಾಗ ಅಲ್ಲಿ 40 ಸಾವಿರಕ್ಕೂ ಹೆಚ್ಚು ಕೂಲಿಗಳಿದ್ದರು. ಕಾಲರಾದಿಂದಲೂ ಅಪಘಾತದಿಂದಲೂ ಸತ್ತವರು ಸಾವಿರಾರು. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ ಬಂದ ಸ್ವಲ್ಪ ದಿನದಲ್ಲೇ ತೀರಿಕೊಂಡ. ಹೆಂಡತಿ ಆಲಿಸ್ ಗುತ್ತಿಗೆ ಬಿಡಲಿಲ್ಲ, ಕೆಲಸ ಮುಗಿಸಿಕೊಟ್ಟಳು. ಆಗಲೇ ಅಮೆರಿಕದಲ್ಲಿ ಅಂತರ್ಯುದ್ಧ, 1861ರಿಂದ 1865ರವರೆಗೆ. ಮ್ಯಾಂಚೆಸ್ಟರಿಗೆ ಹತ್ತಿ ಬೇಕು. ಮುಂಬಯಿಗೆ ದುಡ್ಡು ಹರಿದು ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಕೇಳುವುದೇ ಬೇಡ.

ಮನುಷ್ಯರು ಎಷ್ಟು ದೂರ ಹೋದರು ಎಂದರೆ ನೀರಿನ ದಿಕ್ಕನ್ನೂ ತಿರುಗಿಸಿದರು. ಲೋನಾವಳಾ ಸುತ್ತ ಬೀಳುವ ಮಳೆ ಭೀಮೆಗೆ ಸೇರಿ ಪೂರ್ವಕ್ಕೆ ಹೋಗಬೇಕಾದದ್ದು. ಟಾಟಾ ಕಂಪನಿ ಅಲ್ಲಿ ಕೆರೆ ಕಟ್ಟಿ, ಪೈಪಿನಲ್ಲಿ ಘಟ್ಟದ ಕೆಳಗೆ ಖೋಪೋಲಿಗೆ ಧುಮುಕಿಸಿ ವಿದ್ಯುತ್ ತೆಗೆಯಿತು. 1915ರಿಂದ ಮುಂಬಯಿಯ ಗಿರಣಿಗಳು ಅದರಿಂದ ಓಡಿದವು. ಅದೇ ಥರ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೋದಾಗ ಊರು ಕಳೆದುಕೊಳ್ಳುವ ರೈತರು 1921ರಲ್ಲಿ ಸತ್ಯಾಗ್ರಹಕ್ಕೆ ಕೂತರು. ಅದರ ಮುಂದಾಳು ಪಾಂಡುರಂಗ ಬಾಪಟ್ ಅವರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಅಲ್ಲೇ. ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ. ಆ ನೀರನ್ನು ಭೀಮೆಯ ಬಯಲಿಗೇ ವಾಪಸು ಬಿಡಿ ಎಂಬ ಬೇಡಿಕೆಯೂ ನಿಂತಿಲ್ಲ. ಲೆಕ್ಕ ಹಾಕಿ, ನಿಮ್ಮ ಪಕ್ಕದ ಮನೆಯವರ ಊರಿನ ಕಡೆ ಹರಿಯಬೇಕಾದ ನೀರು ಇತ್ತ ದೀಪ ಹಚ್ಚಿ ಅರಬ್ಬಿ ಸಮುದ್ರ ಸೇರುತ್ತದೆ.

ಈಗ ಕಾರವಾರ. ಭೂಗೋಳದ ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕ. ಬೆಟ್ಟಗಳ ಆಸರೆ, ದ್ವೀಪಗಳ ಮರೆ, ಆಳವಾದ ನೀರು. ಬೆನ್ನಿಗೆ ಘಟ್ಟ, ಘಟ್ಟದ ಆಚೆ ಧಾರವಾಡ, ಹುಬ್ಬಳ್ಳಿ, ಗದಗಿನ ಎರೆ ಭೂಮಿ. ಅಲ್ಲೂ ಹತ್ತಿ. ಮುಂಬಯಿಗೆ ಏನೇನಿತ್ತೋ ಹೆಚ್ಚುಕಡಿಮೆ ಎಲ್ಲ ಇತ್ತು. ಆಗ ಧಾರವಾಡದ ಹತ್ತಿ ಎತ್ತಿನ ಬೆನ್ನಿನ ಮೇಲೆ, ಗಾಡಿಯಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಹಾಗಾಗಿ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂದೇ ಹೆಸರು. ಕುಮಟೆಯಲ್ಲಿ ಹತ್ತಿಯ ಹೊಲವೇ ಇಲ್ಲ. ನಮ್ಮ ತಂದೆ ಇದನ್ನು ಹೇಳಿಕೊಂಡು ಬಹಳ ಖುಷಿ ಪಡುತ್ತಿದ್ದರು. ತಾಯಿ ಸುಮ್ನಿರುತ್ತಿರಲಿಲ್ಲ, 'ಬೆಳದವರು ನಾವು, ಹೆಸರು ನಿಮಗ' ಅನ್ನುತ್ತಿದ್ದಳು.

ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಕಾರವಾರದ ಮೇಲೆ ಬಿದ್ದಿತ್ತು. ಅಲ್ಲಿ ಬಂದರು ಕಟ್ಟಿ, ಧಾರವಾಡದ ಹತ್ತಿಯನ್ನು ನೇರ ಇಳಿಸಿಕೊಳ್ಳಬೇಕು ಎಂದು ಸರ್ಕಾರಕ್ಕೆ ದುಂಬಾಲು ಬಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯೇ ಇತ್ತು. ಘಟ್ಟಕ್ಕೆ ರಸ್ತೆ ಆಯಿತು. ಹಳಿಯ ಮಾತು ನಡೆಯಿತು. ಅಷ್ಟರಲ್ಲಿ 1865. ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಸಾಹುಕಾರರೇ ದಿವಾಳಿಯೆದ್ದರು. ಇನ್ನು ಕಾರವಾರದ ಘಟ್ಟಕ್ಕೆ ಹಳಿ ಹಾಕಲು ದುಡ್ಡು ಬಿಚ್ಚುವವರು ಯಾರು? ಮುಂಬಯಿಯ ಹಳಿ ಆಗಲೇ ಘಟ್ಟ ಹತ್ತಿಯಾಗಿತ್ತು. ಎರಡೇ ವರ್ಷದ ಅಂತರ. ಒಮ್ಮೆ ಹಳಿ ಬಿತ್ತು ಎಂದರೆ ಅಲ್ಲಿಗೇ ಬ್ಯಾಂಕು, ಅಲ್ಲಿಗೇ ಗೋದಾಮು, ಅಲ್ಲಿಗೇ ದಲಾಲಿ. ಆಮೇಲೆ ಎರಡನೆಯವನಿಗೆ ಅದೇ ಘಟ್ಟ ಇನ್ನೂ ಎತ್ತರವಾಗಿ ಕಾಣುತ್ತದೆ.

ಹುಬ್ಬಳ್ಳಿಯ ಕಡೆಯಿಂದ ಸಮುದ್ರಕ್ಕೆ ರೈಲು ಇಳಿಯಿತು, ಇಳಿಯಲಿಲ್ಲ ಎಂದಲ್ಲ. ಆದರೆ ಅದು ಇಳಿದದ್ದು ಗೋವಾಕ್ಕೆ. 1878ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. 1888ರಲ್ಲಿ ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದ ಪಕ್ಕ ಇಳಿದು ಮುರಗಾಂವ್ ಬಂದರಿಗೆ ಹಳಿ ಮುಟ್ಟಿತು. ಇವತ್ತು ವಾಸ್ಕೋದಲ್ಲಿ ಬಾಗಲಕೋಟೆ, ಗದಗ, ವಿಜಯಪುರದ ಕನ್ನಡ ಅಷ್ಟೊಂದು ಕೇಳಿಸುವುದಕ್ಕೆ ಆ ಹಳಿಯೂ ಒಂದು ಕಾರಣ. ಆ ಜನ ಕಾರವಾರಕ್ಕೆ ಇಳಿಯಬಹುದಿತ್ತು.

ಕಾರವಾರದ ಆಳವಾದ ನೀರನ್ನು ಕೊನೆಗೂ ದೊಡ್ಡದಾಗಿ ಬಳಸಿದ್ದು ನೌಕಾಪಡೆ, ಐಎನ್‌ಎಸ್ ಕದಂಬ ನೆಲೆಗಾಗಿ. ಇನ್ನು ಹುಬ್ಬಳ್ಳಿ–ಅಂಕೋಲಾ ರೈಲಿನ ಯೋಜನೆ 1990ರ ದಶಕದ ಕೊನೆಯಿಂದ ಕಡತದಲ್ಲಿದೆ. ಈಗ ಅಡ್ಡ ಬಂದಿರುವುದು ಘಟ್ಟದ ಎತ್ತರವಲ್ಲ, ಅದರ ಮೇಲಿನ ಕಾಡು. ಆ ಕಾಡು ಉಳಿದರೇ ಸರಿ ಎನ್ನುವವರಲ್ಲಿ ನಾನೂ ಒಬ್ಬ. ಗದಗಿನ ನನ್ನ ಸೋದರಮಾವನ ಮಗ ಇದಕ್ಕೆ ನನ್ನ ಮೇಲೆ ಪ್ರತಿ ವರ್ಷ ದೀಪಾವಳಿಗೆ ಹರಿಹಾಯುತ್ತಾನೆ.